ಈಈಈ ಎಂದು ನಗುತ್ತಿದ್ದ ಮೇಷ್ಟ್ರು

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆಯಲ್ಲಿ ಇಬ್ಬರು ಲೆಕ್ಕದ ಮೇಷ್ಟ್ರುಗಳಿದ್ದರು. ಒಬ್ಬರು ಅಪ್ಪ. ಇನ್ನೊಬ್ಬರು ಹಳದಿ ಪ್ಲಾಸ್ಟಿಕ್ಕಿನ ಒಂದು ಪುಟ್ಟ ಡಬ್ಬಿಯ ಮೇಲೆ ಕನ್ನಡಕ ಹಾಕಿಕೊಂಡು, ಮೀಸೆ ಬಿಟ್ಟುಕೊಂಡು ಕೂತಿದ್ದರು.

ಅಪ್ಪ ಹಾಸನ ಜಿಲ್ಲೆಯ ಒಂದು ಹೋಬಳಿ ಊರಿನ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಊರವರಿಗೆಲ್ಲ ಅವರು 'ಲೆಕ್ಕದ ಮೇಷ್ಟ್ರು'. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ನಡುಮನೆಯ ಕಂಬಕ್ಕೆ ಒರಗಿ ಕೂರುತ್ತಿದ್ದರು. ಪಕ್ಕದಲ್ಲಿ ರೂಲುದೊಣ್ಣೆ. ಎದುರಿಗೆ ನಾನು, ನನ್ನ ಹಿಂದೆ ಅವಿತುಕೊಂಡಂತೆ ತಮ್ಮ.

"ಏಳೆಂಟ್ಲ?"

ನನಗೆ ಏಳರ ಮಗ್ಗಿ ಬರುತ್ತಿರಲಿಲ್ಲ ಎಂದಲ್ಲ. ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಎಂದು ಮೊದಲಿನಿಂದ ಹೊರಟರೆ ಎಡವದೆ ಎಪ್ಪತ್ತರವರೆಗೆ ಹೋಗುತ್ತಿದ್ದೆ. ಮಧ್ಯದಲ್ಲಿ ಎತ್ತಿ ಇಳಿಸಿದರೆ ಮಾತ್ರ ದಿಕ್ಕು ತಪ್ಪುತ್ತಿತ್ತು. ಹಾಗಾಗಿ ತುಟಿ ಅಲ್ಲಾಡಿಸದೆ ಒಳಗೊಳಗೇ ಏಳೊಂದ್ಲ ಏಳರಿಂದ ಶುರುಮಾಡುತ್ತಿದ್ದೆ. ಅದು ಅಪ್ಪನಿಗೆ ಹೇಗೋ ಗೊತ್ತಾಗುತ್ತಿತ್ತು. "ಮೆಟ್ಟಿಲು ಹತ್ತಬೇಡ, ನೇರ ಹೇಳು" ಎನ್ನುತ್ತಿದ್ದರು. ನೇರ ಹೇಳಿದರೆ ಐವತ್ನಾಲ್ಕೋ ಅರವತ್ಮೂರೋ ಬಾಯಿಗೆ ಬರುತ್ತಿತ್ತು. "ಕೈ ನೀಡು." ನೀಡುತ್ತಿದ್ದೆ. ದೊಣ್ಣೆ ಮೇಲೆದ್ದ ಕ್ಷಣದಲ್ಲಿ ಕೈ ತನ್ನಷ್ಟಕ್ಕೆ ತಾನೇ ಮುಷ್ಟಿಯಾಗಿ ಮಡಿಲಿಗೆ ಸೇರಿಕೊಳ್ಳುತ್ತಿತ್ತು. ಅದಕ್ಕೆ ಇನ್ನೊಂದು ಏಟು. ಅಡುಗೆಮನೆಯಿಂದ ಅಮ್ಮ, "ಸಾಕು ಬಿಡಿ ಅಂದ್ರೆ, ಮುದ್ದೆ ಆರಿಹೋಗ್ತಿದೆ" ಎಂದು ಕೂಗುವವರೆಗೆ ಈ ಪಾಠ ನಡೆಯುತ್ತಿತ್ತು.

1983ರಲ್ಲಿ ಅಮೆರಿಕದಿಂದ ಚಿಕ್ಕಪ್ಪ ಬಂದರು. ಅಮ್ಮನಿಗೆ ಒಂದು ಸೀರೆ, ಅಪ್ಪನಿಗೆ ಒಂದು ಪೆನ್ನು, ನಮಗೆ ಚಾಕಲೇಟು. ಕೊನೆಗೆ ಸೂಟ್‌ಕೇಸಿನ ಮೂಲೆಯಿಂದ ಬನಿಯನ್ನಿನಲ್ಲಿ ಸುತ್ತಿದ ಆ ಹಳದಿ ಡಬ್ಬಿ ಹೊರಬಂತು. ಅವರ ಪಕ್ಕದ ಮನೆಯ ಮಕ್ಕಳು ಆಡಿ ಬಿಟ್ಟದ್ದಂತೆ. ಹೆಸರು ಲಿಟ್ಲ್ ಪ್ರೊಫೆಸರ್.

ನೋಡಿದರೆ ಕ್ಯಾಲ್ಕುಲೇಟರು. ಆದರೆ ಅದರ ಕೆಲಸ ಕ್ಯಾಲ್ಕುಲೇಟರಿಗೆ ಉಲ್ಟಾ. ನಾವು ಕೇಳಿದ್ದಕ್ಕೆ ಅದು ಉತ್ತರ ಕೊಡುವುದಿಲ್ಲ. ಅದೇ ಪ್ರಶ್ನೆ ಕೇಳುತ್ತದೆ, ಉತ್ತರ ನಾವು ಒತ್ತಬೇಕು. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಯಾವುದು ಬೇಕೋ ಆರಿಸಿಕೊಳ್ಳಬಹುದು. ಸುಲಭದ್ದರಿಂದ ಕಷ್ಟದ್ದಕ್ಕೆ ನಾಲ್ಕು ಮಟ್ಟ. ಒಂದು ಸಲಕ್ಕೆ ಹತ್ತು ಲೆಕ್ಕ. ಕಪ್ಪು ಕಿಟಕಿಯಲ್ಲಿ ಕೆಂಪು ಅಂಕಿಗಳು ಉರಿಯುತ್ತವೆ. ಸರಿ ಒತ್ತಿದರೆ ಮುಂದಿನ ಲೆಕ್ಕ. ತಪ್ಪು ಒತ್ತಿದರೆ ಇಂಗ್ಲಿಷಿನ ಮೂರು 'ಈ' ಅಕ್ಷರಗಳು.

ಎರರ್ ಎನ್ನುವುದರ ಮೊದಲಕ್ಷರ ಅದು ಎಂದು ಚಿಕ್ಕಪ್ಪ ವಿವರಿಸಿದರು. ನಮಗೆ ಇಂಗ್ಲಿಷ್ ಶುರುವಾಗುವುದು ಐದನೇ ಕ್ಲಾಸಿಗೆ. ತಮ್ಮ ಅವರ ವಿವರಣೆಯನ್ನು ಪೂರ್ತಿ ಕೇಳಲೇ ಇಲ್ಲ. "ಅಕ್ಕಾ, ನೋಡೇ, ಮೇಷ್ಟ್ರು ಈಈಈ ಅಂತ ಹಲ್ಲು ಕಿರೀತಾರೆ" ಎಂದು ಬಿದ್ದು ಬಿದ್ದು ನಕ್ಕ. ಆವತ್ತಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು 'ಈಈಈ ಮೇಷ್ಟ್ರು' ಎಂದಾಯಿತು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಕಂಬಳಿಯೊಳಗೆ ಅದನ್ನು ಬೆಳಗಿಸುತ್ತಿದ್ದೆ. ಏಳು ಇಂಟು ಎಂಟು. ಐವತ್ನಾಲ್ಕು ಒತ್ತಿದೆ. ಈಈಈ. ಅರವತ್ಮೂರು ಒತ್ತಿದೆ. ಈಈಈ. ಕಂಬಳಿಯೊಳಗೇ ಏಳೊಂದ್ಲ ಏಳರಿಂದ ಮೆಟ್ಟಿಲು ಹತ್ತಿದೆ, ಯಾರೂ ತಡೆಯಲಿಲ್ಲ. ಮೂರು ಸಲ ತಪ್ಪಿದರೆ ಆ ಮೇಷ್ಟ್ರು ಉತ್ತರವನ್ನೇ ತೋರಿಸಿಬಿಡುತ್ತಿದ್ದರು: ಐವತ್ತಾರು. ಬೈಗುಳವಿಲ್ಲ, ಕೈ ನೀಡುವುದಿಲ್ಲ. ಇದು ನನಗೆ ಎಷ್ಟು ಹೊಸದಾಗಿತ್ತೆಂದರೆ, ಉತ್ತರ ಗೊತ್ತಿದ್ದರೂ ಕೆಲವು ರಾತ್ರಿ ಬೇಕೆಂದೇ ತಪ್ಪು ಒತ್ತುತ್ತಿದ್ದೆ. ತಪ್ಪು ಮಾಡಿಯೂ ಏನೂ ಆಗದೆ ಇರುವ ರುಚಿಯನ್ನು ಮತ್ತೆ ಮತ್ತೆ ನೋಡಬೇಕೆನಿಸುತ್ತಿತ್ತು.

ಅಪ್ಪನಿಗೆ ಅದು ಹಿಡಿಸಲಿಲ್ಲ. "ಅದು ಕಲಿಸಲ್ಲ, ಬರೀ ಪರೀಕ್ಷೆ ಮಾಡುತ್ತೆ. ತಪ್ಪಾಯ್ತು ಅಂತ ಹೇಳುತ್ತೆ, ಯಾಕೆ ತಪ್ಪಾಯ್ತು ಅಂತ ಅದಕ್ಕೆ ಗೊತ್ತೇನೋ?" ಎಂದು ಚಿಕ್ಕಪ್ಪನನ್ನು ಕೇಳಿದರು. ಚಿಕ್ಕಪ್ಪ, "ಮಕ್ಕಳು ಆಡ್ಕೊಳ್ಳಲಿ ಬಿಡಣ್ಣ" ಎಂದರು. ಆದರೆ ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ ಎಂದು ಈಗ ಅನ್ನಿಸುತ್ತದೆ. ಏಳೆಂಟ್ಲ ಐವತ್ತಾರು ಯಾಕೆ ಎಂದು ನನಗೆ ತೋರಿಸಿದ್ದು ಆ ಡಬ್ಬಿಯಲ್ಲ. ಒಂದು ಭಾನುವಾರ ಅಪ್ಪ ಹುಣಸೆಬೀಜಗಳನ್ನು ಸಾಲಿಗೆ ಎಂಟರಂತೆ ಏಳು ಸಾಲು ಜೋಡಿಸಿ, "ಈಗ ಆ ಕಡೆಯಿಂದ ಬಂದು ನೋಡು, ಎಂಟು ಸಾಲು, ಸಾಲಿಗೆ ಏಳು" ಎಂದು ನನ್ನನ್ನು ಜಗಲಿಯ ಸುತ್ತ ನಡೆಸಿ ತೋರಿಸಿದ್ದರು. ಅಷ್ಟು ಚೆನ್ನಾಗಿ ಕಲಿಸಬಲ್ಲವರಿಗೆ ದೊಣ್ಣೆ ಯಾಕೆ ಬೇಕಿತ್ತು ಎನ್ನುವುದು ನನಗೆ ಇವತ್ತಿಗೂ ಬಿಡಿಸಲಾಗದ ಲೆಕ್ಕ.

ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ನಡುಮನೆಯಲ್ಲಿ ಕೆಂಪು ಬೆಳಕು ಕಂಡಿತು. ಅಪ್ಪ ಕಂಬಕ್ಕೆ ಒರಗಿ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡಿದ್ದರು. ಒತ್ತಿದರು, ನೋಡಿದರು, ಮತ್ತೆ ಒತ್ತಿದರು. ತಪ್ಪು ಉತ್ತರ ಕೊಟ್ಟರೆ ಏನಾಗುತ್ತದೆಂದು ಪರೀಕ್ಷಿಸುತ್ತಿದ್ದರೆಂದು ಕಾಣುತ್ತದೆ. ಮೂರನೇ ಸಲಕ್ಕೆ, "ಓ, ಹೇಳೇ ಬಿಡ್ತಲ್ಲ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ನಾನು ನೀರು ಕುಡಿಯದೆ ಹೋಗಿ ಮಲಗಿದೆ. ಮರುದಿನ ಸಂಜೆ ರೂಲುದೊಣ್ಣೆ ಮಾಮೂಲಿನಂತೆ ಕೆಲಸ ಮಾಡಿತು. ಕೆಲವು ತಿಂಗಳಿಗೆ ಡಬ್ಬಿಯ ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಮುಗಿದು ಅದು ಅಟ್ಟ ಸೇರಿತು.

ಆ ಡಬ್ಬಿಯ ಕುಲಗೋತ್ರ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1976ರಲ್ಲಿ ಲಿಟ್ಲ್ ಪ್ರೊಫೆಸರನ್ನು ಮಾರುಕಟ್ಟೆಗೆ ತಂದಿತ್ತು. ಎರಡು ವರ್ಷದ ನಂತರ, 1978ರಲ್ಲಿ, ಅದೇ ಕಂಪನಿ ಸ್ಪೀಕ್ ಅಂಡ್ ಸ್ಪೆಲ್ ಎಂಬ ಮಾತಾಡುವ ಆಟಿಕೆ ಹೊರತಂದಿತು. ಅದು ಒಂದು ಇಂಗ್ಲಿಷ್ ಪದ ಹೇಳುತ್ತದೆ, ಮಗು ಅದರ ಸ್ಪೆಲಿಂಗ್ ಒತ್ತಬೇಕು. ಮೊದಲ ಸಲ ತಪ್ಪಿದರೆ ಇನ್ನೊಮ್ಮೆ ಪ್ರಯತ್ನಿಸು ಎನ್ನುತ್ತದೆ, ಮತ್ತೆ ತಪ್ಪಿದರೆ ತಾನೇ ಅಕ್ಷರ ಬಿಡಿಸಿ ಹೇಳುತ್ತದೆ. ಅದರೊಳಗೆ ಟೇಪು ಇರಲಿಲ್ಲ. ಮನುಷ್ಯನ ಗಂಟಲಿನಿಂದ ಹೊರಟ ಧ್ವನಿಯನ್ನು ಬಾಯಿ, ನಾಲಿಗೆ, ತುಟಿಗಳು ಹೇಗೆ ತಿದ್ದುತ್ತವೆ ಎಂಬುದನ್ನು ಅಂಕಿಗಳಾಗಿ ಬರೆದಿಟ್ಟು, ಆ ಅಂಕಿಗಳಿಂದ ಒಂದು ಚಿಪ್ಪು ಮತ್ತೆ ಧ್ವನಿ ಕಟ್ಟುತ್ತಿತ್ತು. 1982ರ 'ಇ.ಟಿ.' ಸಿನಿಮಾದಲ್ಲಿ ಅನ್ಯಗ್ರಹದ ಜೀವಿ ತನ್ನ ಮನೆಗೆ ಸಂದೇಶ ಕಳಿಸಲು ಜೋಡಿಸಿಕೊಳ್ಳುವ ಯಂತ್ರದಲ್ಲಿ ಇರುವುದೂ ಇದೇ ಆಟಿಕೆ. 1990ರ ದಶಕದಲ್ಲಿ ಲೀಪ್‌ಫ್ರಾಗ್ ಕಂಪನಿಯನ್ನು ಕಟ್ಟಿದ ಮೈಕೆಲ್ ವುಡ್ ವಕೀಲರಾಗಿದ್ದವರು. ತಮ್ಮ ಪುಟ್ಟ ಮಗ ಅಕ್ಷರಗಳ ಉಚ್ಚಾರಣೆ ಕಲಿಯಲು ಕಷ್ಟಪಡುವುದನ್ನು ನೋಡಿ ಅವರಿಗೆ ಇಂಥ ಆಟಿಕೆ ಮಾಡುವ ಯೋಚನೆ ಬಂತಂತೆ. ಇದನ್ನು ಓದಿದಾಗ ಆ ಅಪ್ಪ ಸಂಜೆ ಎಲ್ಲಿ ಒರಗಿ ಕೂರುತ್ತಿದ್ದರೋ ಎಂದುಕೊಂಡೆ.

2016ರ ಮಾರ್ಚಿನಲ್ಲಿ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಅಪ್ಪನನ್ನು ಮೈಸೂರಿಗೆ ನನ್ನ ಮನೆಗೆ ಕರೆತಂದೆ. ಬಲಗೈ, ಬಲಗಾಲು ನಿಧಾನವಾಗಿ ಸ್ವಲ್ಪ ಸುಧಾರಿಸಿದವು. ಮಾತು ಮಾತ್ರ ಬರಲಿಲ್ಲ. ನಾಲಿಗೆಯಲ್ಲಿ ದೋಷವಿಲ್ಲ, ಪದ ಹುಡುಕಿಕೊಂಡು ಹೋಗುವ ದಾರಿ ಕೆಟ್ಟಿದೆ ಎಂದು ಮಾತಿನ ಚಿಕಿತ್ಸೆ ಕೊಡಲು ಬರುತ್ತಿದ್ದ ಹುಡುಗಿ ಹೇಳಿದಳು. ಕುರ್ಚಿ ತೋರಿಸಿದರೆ ಅಪ್ಪನಿಗೆ ಅದು ಏನೆಂದು ಗೊತ್ತು. ಹೆಸರು ಬಾಯಿಗೆ ಬರದು. ಬಂದರೂ 'ಕೊಡೆ' ಎಂದೋ 'ಕಿಟಕಿ' ಎಂದೋ ಬರುತ್ತಿತ್ತು. ತಪ್ಪೆಂದು ಅವರಿಗೂ ಗೊತ್ತಾಗಿ ಮುಖ ಸಣ್ಣದಾಗುತ್ತಿತ್ತು.

ಆ ಹುಡುಗಿ ಒಂದು ದಿನ, "ಸರ್ ಲೆಕ್ಕದ ಮೇಷ್ಟ್ರಲ್ವಾ ಮೇಡಂ, ಮಗ್ಗಿ ಹೇಳಿಸಿ ನೋಡಿ. ಬಾಯಿಪಾಠ ಆಗಿರೋದು ಕೆಲವರಿಗೆ ಉಳಿದಿರುತ್ತೆ" ಎಂದಳು. ಅವಳು 'ಏಳೊಂದ್ಲ ಏಳು' ಎಂದು ಶುರುಮಾಡಿಕೊಟ್ಟಳು. ಅಪ್ಪ ಅಲ್ಲಿಂದ ಹಿಡಿದುಕೊಂಡು, ತೊದಲುತ್ತ, ಎಪ್ಪತ್ತರವರೆಗೆ ಹೇಳಿದರು. ನಾನು ಅಡುಗೆಮನೆಗೆ ಹೋಗಿ ಅತ್ತು ಬಂದೆ.

ಆಮೇಲೆ ನನಗೆ ದುರಾಸೆ ಹುಟ್ಟಿತು. ದಿನಾ ಸಂಜೆ ಕಾಲೇಜಿನಿಂದ ಬಂದು ಅಪ್ಪನ ಮಂಚದ ಎದುರು ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ. ಒಂದು ದಿನ, "ಅಪ್ಪಾ, ಏಳೆಂಟ್ಲ?" ಎಂದು ಕೇಳಿದೆ. ಅಪ್ಪ ಸುಮ್ಮನಿದ್ದರು. ಆಮೇಲೆ ತುಟಿ ಮೆಲ್ಲಗೆ ಅಲ್ಲಾಡತೊಡಗಿತು. ಏಳೊಂದ್ಲ ಏಳು. ಏಳೆರಡ್ಲ ಹದಿನಾಲ್ಕು. ಮೆಟ್ಟಿಲು ಹತ್ತುತ್ತಿದ್ದರು. ಏಳೈದ್ಲದಲ್ಲಿ ಎಡವಿದರು. ಮತ್ತೆ ಮೊದಲಿನಿಂದ ಶುರುಮಾಡಿದರು. ಮತ್ತೆ ಎಡವಿದರು. ನನಗೆ ಆವತ್ತು ತಲೆನೋವು, ಮೌಲ್ಯಮಾಪನದ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿತ್ತು. ಇವೆಲ್ಲ ನೆಪ. ನಾನು ಮಂಚದ ಪಟ್ಟಿಗೆ ಅಂಗೈಯಿಂದ ಬಡಿದು, "ಮೊದಲಿಂದ ಬೇಡ ಅಪ್ಪಾ, ನೇರ ಹೇಳಿ!" ಎಂದು ಕಿರುಚಿದೆ.

ಅಪ್ಪನ ಎಡಗೈ ಮುಷ್ಟಿಯಾಗಿ ಮಡಿಲೊಳಕ್ಕೆ ಸರಿಯಿತು.

ಆ ಕೈ ಹಾಗೆ ಸರಿಯುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ನನ್ನದೇ ಕೈ. ದೊಣ್ಣೆ ಅಪ್ಪನ ಹತ್ತಿರವೇ ಉಳಿದಿದೆ ಎಂದು ಮೂವತ್ತು ವರ್ಷ ನಂಬಿಕೊಂಡಿದ್ದೆ. ಅದು ಯಾವಾಗ ನನ್ನ ಕೈಗೆ ಬಂದಿತ್ತೋ. ನನ್ನ ಎದುರು ನಿಂತು ಉತ್ತರ ಹುಡುಕುವಾಗ ಎಷ್ಟು ವಿದ್ಯಾರ್ಥಿಗಳು ಒಳಗೊಳಗೇ ಮುಷ್ಟಿ ಬಿಗಿದಿದ್ದಾರೋ.

ಆ ಬೇಸಿಗೆ ರಜೆಗೆ ತಮ್ಮ ಬೆಂಗಳೂರಿನಿಂದ ಬಂದ. ಅವನ ನಾಲ್ಕು ವರ್ಷದ ಮಗಳ ಕೈಯಲ್ಲಿ ಒಂದು ಗುಲಾಬಿ ಬಣ್ಣದ ಆಟಿಕೆ. ಅಕ್ಷರ ಒತ್ತಿದರೆ ಇಂಗ್ಲಿಷಿನಲ್ಲಿ ಅದರ ಉಚ್ಚಾರಣೆ ಹೇಳುತ್ತದೆ, ಚಿತ್ರ ತೋರಿಸುತ್ತದೆ, ಪ್ರಶ್ನೆ ಕೇಳುತ್ತದೆ. ಮಗು ಅಜ್ಜನ ಮಂಚ ಹತ್ತಿ ಕೂತು, "ತಾತ, ನೀನೂ ಒತ್ತು" ಎಂದು ಅವರ ಎಡಗೈ ಬೆರಳು ಹಿಡಿದು ಒತ್ತಿಸಿತು. ಅಪ್ಪ ಬೆಕ್ಕಿನ ಬದಲು ಬಸ್ಸು ಒತ್ತಿದರು. ಆಟಿಕೆ ಖುಷಿಯ ಧ್ವನಿಯಲ್ಲೇ, ಇನ್ನೊಮ್ಮೆ ನೋಡು ಎಂದಿತು. ಮತ್ತೆ ಬಸ್ಸು. ಮತ್ತೆ ಅದೇ ಖುಷಿಯ ಧ್ವನಿ. ಇಬ್ಬರೂ ನಕ್ಕರು. ಪಾರ್ಶ್ವವಾಯು ಆದಮೇಲೆ ಅಪ್ಪ ತಪ್ಪು ಮಾಡಿ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಮಗು ಹಾಲು ಕುಡಿಯಲು ಎದ್ದು ಹೋಯಿತು. ಆಟಿಕೆ ಅಪ್ಪನ ತೊಡೆಯ ಮೇಲೆ ಉಳಿಯಿತು. ಅದು ಏನೋ ಕೇಳಿತು. ಅಪ್ಪ ಬೆರಳೆತ್ತಿ ಯೋಚಿಸತೊಡಗಿದರು. ಅದು ಇನ್ನೊಮ್ಮೆ ಕೇಳಿತು. ಬೆರಳು ಗಾಳಿಯಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಒಂದು ವಿದಾಯದ ಸಂಗೀತ ನುಡಿಸಿ ಆಟಿಕೆ ತಾನೇ ಆರಿಹೋಯಿತು. ಬ್ಯಾಟರಿ ಉಳಿಸಲು ಹಾಗೆ ಮಾಡಿರುತ್ತಾರೆ. ಎಷ್ಟು ತಪ್ಪನ್ನಾದರೂ ಸಹಿಸುವ ಆ ಯಂತ್ರಕ್ಕೆ ಮೌನವನ್ನು ಸಹಿಸಲು ಆಗುತ್ತಿರಲಿಲ್ಲ. ಅಪ್ಪನಿಗೆ ಬೇಕಾಗಿದ್ದದ್ದು ತಪ್ಪಿಗೆ ಕ್ಷಮೆ ಒಂದೇ ಅಲ್ಲ, ಕಾಯುವವರು ಕೂಡ. ಅದು ಮಾತ್ರ ಎದುರು ಕೂತ ಮನುಷ್ಯರಿಂದ ಆಗಬೇಕಾದ ಕೆಲಸ. ಎದುರು ಕೂತಿದ್ದವಳು ನಾನು.

ಮರುದಿನದಿಂದ ನಾವು ಲಿಟ್ಲ್ ಪ್ರೊಫೆಸರನ ನಿಯಮಗಳನ್ನು ಜಾರಿಗೆ ತಂದೆವು. ಮೂರು ಅವಕಾಶ. ತಪ್ಪಿದರೆ ಈಈಈ. ಮೂರನೇ ತಪ್ಪಿಗೆ ಉತ್ತರ ನಾನೇ ಹೇಳಿಬಿಡುವುದು. ಇದಕ್ಕೆ ನಾನು ಸೇರಿಸಿದ ನಿಯಮ ಒಂದೇ: ಗಡಿಯಾರ ನೋಡುವಂತಿಲ್ಲ. ಮೊದಮೊದಲು ಕಷ್ಟವಾಯಿತು. ಅಪ್ಪ ಪದ ಹುಡುಕುವಾಗ ನನ್ನ ಬಾಯಿ ತುದಿಗೆ ಆ ಪದ ಬಂದು ನಿಲ್ಲುತ್ತಿತ್ತು. ನುಂಗಿಕೊಳ್ಳುತ್ತಿದ್ದೆ.

ಒಂದು ಸಂಜೆ ನೀರಿನ ಲೋಟ ಎತ್ತಿ ಹಿಡಿದು, "ಅಪ್ಪಾ, ಇದೇನು?" ಎಂದೆ. ಅಪ್ಪ ಲೋಟ ನೋಡಿದರು. ನನ್ನನ್ನು ನೋಡಿದರು. ಅಡುಗೆಮನೆಯಲ್ಲಿ ಕುಕ್ಕರು ಒಂದು ಸಲ ಕೂಗಿತು. ಬೀದಿಯಲ್ಲಿ ಸೊಪ್ಪಿನವಳು ಕೂಗುತ್ತ ಹೋದಳು. ಕುಕ್ಕರು ಎರಡನೇ ಸಲ ಕೂಗಿತು. ಲೋಟ ಹಿಡಿದ ನನ್ನ ಕೈ ನೋಯತೊಡಗಿತು, ಇಳಿಸಲಿಲ್ಲ. ಮೂರನೇ ಸಲ ಕೂಗಿದ ಮೇಲೆ ಅಪ್ಪ ಪೂರ್ತಿ ಗಟ್ಟಿಯಾಗಿ, ಕ್ಲಾಸಿನಲ್ಲಿ ಹೇಳುವಂತೆ, "ಐವತ್ತಾರು" ಎಂದರು.

"ಈಈಈ" ಎಂದೆ.

ಅಪ್ಪ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಸೊಟ್ಟಗಾಗಿದ್ದ ಬಾಯಿಯ ಒಂದು ಬದಿಯಿಂದ, ಇದ್ದ ಹಲ್ಲನ್ನೆಲ್ಲ ಕಿರಿದು, "ಈಈಈ" ಎಂದು ನಕ್ಕರು. ಇನ್ನೂ ಎರಡು ಅವಕಾಶ ಉಳಿದಿದ್ದವು.