ನದಿ ಇಲ್ಲದ ಊರಿನ ಪ್ರಬಂಧ

ಐದನೇ ಕ್ಲಾಸಿನಲ್ಲಿ ‘ನಮ್ಮ ಊರು’ ಅಂತ ಪ್ರಬಂಧ ಕೊಟ್ಟಿದ್ದರು. ಕುರುಡುಮಲೆಯ ನಾವು ಅಷ್ಟೂ ಮಕ್ಕಳು ಒಂದೇ ಥರ ಬರೆದೆವು: ನಮ್ಮ ಊರು ಬಹಳ ಸುಂದರವಾಗಿದೆ, ಊರಿನ ಪಕ್ಕದಲ್ಲಿ ನದಿ ಹರಿಯುತ್ತದೆ. ಗೈಡಿನಲ್ಲಿ ಹಾಗೇ ಇತ್ತು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ ಅನ್ನೋದು ನಿಮಗೂ ಗೊತ್ತು. ನಮಗಿರೋದು ಕೆರೆ, ಅದೂ ಮಳೆ ಬಂದರೆ. ದೂರದಿಂದ ಜನ ಬಂದು ನೋಡಿ ಹೋಗುವ, 13 ಅಡಿಗೂ ಎತ್ತರದ ಏಕಶಿಲಾ ಗಣೇಶ ಊರಲ್ಲೇ ಇದ್ದಾನೆ. ಅವನ ಮೇಲೆ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ಎಲ್ಲರಿಗೂ ಹತ್ತಕ್ಕೆ ಎಂಟು ಬಂತು.

ಗೈಡಿಗೆ ಅಂಟಿಕೊಂಡಿದ್ದಕ್ಕೆ ಕಾರಣ ಇತ್ತು. ನಮ್ಮಲ್ಲಿ ಬಹಳ ಮನೆಗಳಲ್ಲಿ ಮಾತು ತೆಲುಗು, ಸ್ಕೂಲಲ್ಲಿ ಕನ್ನಡ. ಸ್ಲೇಟಿನ ಕಾಲದಲ್ಲಿ ಅದು ತೊಂದರೆ ಆಗಲಿಲ್ಲ. ಅ ಆ ತೀಡುವುದು, ತಪ್ಪಾದರೆ ಎಂಜಲು ಹಚ್ಚಿ ಒರೆಸುವುದು, ಅಷ್ಟೇ. ನೋಟ್‌ಬುಕ್ ಬಂದ ಮೇಲೆ ಒರೆಸೋಕಾಗಲಿಲ್ಲ. ನಮ್ಮಲ್ಲೊಬ್ಬ ‘ನಮ್ಮ ಇಲ್ಲು ಹತ್ತಿರ ಬಾವಿ ಇದೆ’ ಅಂತ ಬರೆದ. ತೆಲುಗಿನಲ್ಲಿ ಇಲ್ಲು ಅಂದರೆ ಮನೆ. ಮೇಷ್ಟ್ರು ಕೆಂಪು ಇಂಕಿನಲ್ಲಿ ಸುತ್ತು ಹಾಕಿ, ‘ಇದೆಯೋ ಇಲ್ಲವೋ, ಸರಿಯಾಗಿ ಹೇಳೋ’ ಅಂದರು. ಕ್ಲಾಸೆಲ್ಲ ನಕ್ಕಿತು, ಮನೇಲಿ ಇಲ್ಲು ಅನ್ನುವವರೂ ನಕ್ಕೆವು. ಆಮೇಲೆ ಸ್ವಂತ ವಾಕ್ಯದ ಗೋಜಿಗೆ ಯಾರೂ ಹೋಗಲಿಲ್ಲ.

ಹೈಸ್ಕೂಲಿಗೆ ಮುಳಬಾಗಿಲಿಗೆ ಹೋಗುವ ಹೊತ್ತಿಗೆ ಬರವಣಿಗೆ ಅಂದರೆ ಅಂಕ. ಗಾದೆ ವಿಸ್ತರಣೆಗೆ ಇಂತಿಷ್ಟು, ಪತ್ರಲೇಖನಕ್ಕೆ ಇಂತಿಷ್ಟು. ಡಿ.ವಿ.ಜಿ. ಕೂಡ ಕವಿ ಪರಿಚಯದ ಮೂರು ಸಾಲು: ಜನನ 1887, ಊರು ಮುಳಬಾಗಿಲು, ಕೃತಿ ಮಂಕುತಿಮ್ಮನ ಕಗ್ಗ. ಅವರು ಮೆಟ್ರಿಕ್ ದಾಟಲಿಲ್ಲ, ಪತ್ರಿಕೆಗೆ ಬರೆದೇ ಬದುಕಿದವರು ಅನ್ನೋದು ಡಿಪ್ಲೊಮಾ ಸೇರಿದ ಮೇಲೆ ತಿಳಿಯಿತು. ಅದೇ ಊರಿನ ಬಸ್ ಸ್ಟ್ಯಾಂಡಿನಲ್ಲಿ ದಿನಾ ನಿಲ್ಲುತ್ತಿದ್ದ ನಮಗೆ ಅದನ್ನು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

2003ರಲ್ಲಿ, ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಬೀದಿಯ ಒಬ್ಬ ಅವ್ವ ನಮ್ಮನ್ನು ಕರೆದಳು. (ನಮ್ಮ ಕಡೆ ಅವ್ವ ಅಂದರೆ ಅಜ್ಜಿ.) ವೃದ್ಧಾಪ್ಯ ವೇತನಕ್ಕೆ ಅರ್ಜಿ ಬರೆದುಕೊಡಬೇಕಂತೆ. ನಾವು ಮೂವರು ಜಗಲಿ ಮೇಲೆ ಕೂತು ಜಂಬದಿಂದಲೇ ಬರೆದೆವು. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಎಲ್ಲ ಪರೀಕ್ಷೆಯ ಕ್ರಮದಲ್ಲೇ. ವಯಸ್ಸು ಕೇಳಿದರೆ, ‘ನಂಗೇನ್ ಗೊತ್ತು ನಾಯನಾ, ನೀವೇ ಹಾಕ್ರಿ’ ಅಂದಳು. ನೋಡೋಕೆ ಚೆನ್ನಾಗಿರುತ್ತೆ ಅಂತ 60 ಹಾಕಿದೆವು. ಗಟ್ಟಿಯಾಗಿ ಓದಿ ಹೇಳಿದೆವು. ‘ಚೆನ್ನಾಗೈತೆ. ನನ್ ಕಾಲು ನೋವು ಬರೆದ್ರಾ?’ ಅಂದಳು. ಬರೆದಿದ್ದೀವಿ ಅಂದೆವು. ಬರೆದಿರಲಿಲ್ಲ.

ಅರ್ಜಿ ವಾಪಸ್ ಬಂತು. ಆಗ ವೇತನಕ್ಕೆ 65 ತುಂಬಿರಬೇಕಿತ್ತು. ಅವ್ವ ಆ ನೋವಿನ ಕಾಲಲ್ಲಿ ಕಚೇರಿಗೆ ಎರಡು ಸಲ ಹೋಗಿ ಬಂದಿದ್ದಳು. ಬೈಯಲಿಲ್ಲ. ‘ಬರೆದಿದ್ದು ನೀವು, ಓದಿದ್ದು ಅವರು’ ಅಂದಳು ಅಷ್ಟೇ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ.

ಕನ್ನಡ ಮೇಷ್ಟ್ರಿಗೆ ಹೇಳಿದೆವು. ಅವರು ನಕ್ಕು, ‘ವಯಸ್ಸು ಕೇಳಬೇಡ್ರೋ, ಗಾಂಧಿ ಸತ್ತಾಗ ಏನ್ಮಾಡ್ತಿದ್ರಿ ಅಂತ ಕೇಳ್ರಿ’ ಅಂದರು. ಕೇಳಿದೆವು. ಅವ್ವ ತಡ ಮಾಡದೆ, ‘ಆ ವರ್ಷವೇ ನನ್ ಮದುವೆ’ ಅಂದಳು. ಆಗ ಹನ್ನೆರಡೋ ಹದಿಮೂರೋ. ಗಾಂಧಿ ಹೋದದ್ದು 1948. ಲೆಕ್ಕ ಹಾಕಿದರೆ 67, 68. ಆ ಸಂಜೆ ಅವಳು ಮದುವೆಯ ದಿನ ಹತ್ತಿದ ಗಾಡಿ, ದಾರಿಯಲ್ಲಿ ಕಳೆದ ಕಾಲುಂಗುರ ಎಲ್ಲ ಹೇಳಿದಳು. ಪುಸ್ತಕ ನೋಡದೆ ನಾವು ಬರೆದ ಮೊದಲ ಪುಟ ಅದು. ಕಾಲು ನೋವನ್ನೂ ಬರೆದೆವು. ಅರ್ಜಿಗೆ ಅದು ಬೇಕಿರಲಿಲ್ಲ. ಡಾಕ್ಟರ ವಯಸ್ಸಿನ ಸರ್ಟಿಫಿಕೇಟಿಗೆ ಅಲೆದದ್ದು ಬೇರೆ ಕಥೆ. ಕೊನೆಗೆ ಮನಿಯಾರ್ಡರ್ ಬರತೊಡಗಿತು.

ಈಗ ಪತ್ರಿಕೆಗೆ ಸುದ್ದಿ ಕಳಿಸುವ ನಾವು ಪೂರ್ತಿ ಬದಲಾಗಿದ್ದೀವಿ ಅಂದರೆ ಸುಳ್ಳಾಗುತ್ತೆ. ಮೊನ್ನೆ ಒಂದು ಹಳ್ಳಿಯ ನೀರಿನ ಸಮಸ್ಯೆ ಬರೆಯುವಾಗ, ಹೊತ್ತಾಯಿತು ಅಂತ ‘ಗ್ರಾಮಸ್ಥರು ತೀವ್ರ ಆಕ್ರೋಶ ವ್ಯಕ್ತಪಡಿಸಿದರು’ ಅಂತ ಹಾಕಿ ಕಳಿಸಿದೆವು. ನಲ್ಲಿ ಹತ್ತಿರ ಇದ್ದದ್ದು ಮೂವರು ಹೆಂಗಸರು. ಒಬ್ಬಳು ಬಿಂದಿಗೆ ಮೇಲೆ ಕೂತು ನಮ್ಮ ಬೈಕಿಗೆ ಎಷ್ಟು ಕೊಟ್ಟಿರಿ ಅಂತ ಕೇಳುತ್ತಿದ್ದಳು.