ಹಿತ್ತಲ ಕಿಣ್ವಗಳು

ಸಂಡೂರಿನ ಮ್ಯಾಂಗನೀಸ್ ಅದಿರು ಕೈಯಲ್ಲಿ ಹಿಡಿದರೆ ಬೆರಳಿಗೆ ಮಸಿ ಹತ್ತುತ್ತದೆ. ಅದೇ ಗುಡ್ಡಗಳ ಕಬ್ಬಿಣದ ಅದಿರು ಕೆಂಪು. ಲಾರಿ ಓಡಾಡುವ ದಾರಿಯುದ್ದಕ್ಕೂ ಮರದ ಎಲೆ, ಮನೆಯ ಗೋಡೆ, ಒಣಹಾಕಿದ ಅಂಗಿ ಎಲ್ಲದರ ಮೇಲೂ ಕೂತು ಎಲ್ಲರಿಗೂ ಪರಿಚಿತವಾಗಿದೆ. ಮ್ಯಾಂಗನೀಸನ್ನು ಗುರುತಿಸುವವರು ಕಡಿಮೆ. 1954ರಲ್ಲಿ ಹುಟ್ಟಿದ ಸಂಡೂರಿನ ಗಣಿ ಕಂಪನಿ ತನ್ನ ಹೆಸರಿನಲ್ಲಿ ಮ್ಯಾಂಗನೀಸನ್ನೇ ಮುಂದಿಟ್ಟುಕೊಂಡಿತು, ಕಬ್ಬಿಣ ಆಮೇಲೆ. ಆ ಕಪ್ಪು ಕಲ್ಲು ಹೆಚ್ಚಾಗಿ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತದೆ. ನನಗೆ ಬೇಕಾದದ್ದು ಒಂದು ಚಿಟಿಕೆ ಪುಡಿ ಮಾತ್ರ.

ಗಾಯ ತೊಳೆಯಲು ಔಷಧಿ ಅಂಗಡಿಯಲ್ಲಿ ಕೊಡುವ ಹೈಡ್ರೋಜನ್ ಪೆರಾಕ್ಸೈಡ್‌ಗೆ ಸಮ ನೀರು ಬೆರೆಸಿ ಎರಡು ಗಾಜಿನ ಲೋಟಗಳಿಗೆ ಹಾಕುತ್ತೇನೆ. ನೀರಿನ ಅಣುವಿಗೆ ಒಂದು ಆಮ್ಲಜನಕದ ಪರಮಾಣು ಹೆಚ್ಚಿಗೆ ಅಂಟಿಕೊಂಡರೆ ಈ ಪೆರಾಕ್ಸೈಡ್. ಆ ಹೆಚ್ಚಿನದನ್ನು ಕಳಚಿ ಮತ್ತೆ ನೀರಾಗುವುದೇ ಅದರ ಒಲವು, ಆದರೆ ಬಾಟಲಿಯೊಳಗೆ ತಾನಾಗಿ ಹಾಗಾಗಲು ತಿಂಗಳುಗಟ್ಟಲೆ ಬೇಕು. ಒಂದು ಲೋಟಕ್ಕೆ ಸಂಡೂರಿನ ಕಪ್ಪು ಪುಡಿ, ಇನ್ನೊಂದಕ್ಕೆ ಆಗಷ್ಟೇ ಹೆಚ್ಚಿದ ಹಸಿ ಆಲೂಗಡ್ಡೆಯ ಚೂರು. ಎರಡೂ ಬುಸ್ಸೆಂದು ನೊರೆಯುಕ್ಕಿಸುತ್ತವೆ. ಊದಿನಕಡ್ಡಿಯ ಕೆಂಡವನ್ನು ಲೋಟದ ಬಾಯಿಗೆ ಹಿಡಿದರೆ ಕೆಂಡ ಧಗ್ಗನೆ ಹೊಳೆಯುತ್ತದೆ: ಹೊರಬರುತ್ತಿರುವುದು ಆಮ್ಲಜನಕ.

ಓಣಿಯ ಮಕ್ಕಳು ಇಷ್ಟಕ್ಕೇ ಕುಣಿಯುತ್ತಾರೆ. ನನಗೆ ಮಾತ್ರ ರುಚಿ ಹತ್ತುವುದು ಮುಂದಿನ ಹೆಜ್ಜೆಯಲ್ಲಿ. ಕಲ್ಲಿನ ಪುಡಿಯನ್ನೂ ಆಲೂಗಡ್ಡೆಯ ಚೂರನ್ನೂ ಚೆನ್ನಾಗಿ ಕುದಿಸಿ, ಆರಿಸಿ, ಮತ್ತೆ ಹೊಸ ಪೆರಾಕ್ಸೈಡ್‌ಗೆ ಹಾಕುತ್ತೇನೆ. ಕಲ್ಲು ಏನೂ ಆಗದಂತೆ ನೊರೆಯೆಬ್ಬಿಸುತ್ತದೆ. ಬೇಕಾದರೆ ಸೋಸಿ, ತೊಳೆದು, ಒಣಗಿಸಿ ಮತ್ತೊಮ್ಮೆ ಬಳಸಬಹುದು. ಆಲೂಗಡ್ಡೆ ಮಾತ್ರ ತಳ ಹಿಡಿದು ಸುಮ್ಮನೆ ಮಲಗುತ್ತದೆ. ಅದರೊಳಗಿದ್ದ ಕ್ಯಾಟಲೇಸ್ ಎಂಬ ಕಿಣ್ವ ಬೆಂದುಹೋಯಿತು. ಕಿಣ್ವವೆಂದರೆ ಮಡಿಕೆ ಮಡಿಕೆಯಾಗಿ ಸುತ್ತಿಕೊಂಡ ಪ್ರೋಟೀನ್. ಅದರ ಶಕ್ತಿಯೆಲ್ಲ ಆ ಮಡಿಕೆಯ ಆಕಾರದಲ್ಲಿ. ಬಿಸಿಗೆ ಮಡಿಕೆ ಬಿಚ್ಚಿತೆಂದರೆ ಕೆಲಸ ನಿಂತಿತು. ಬದುಕಿರುವಷ್ಟು ಹೊತ್ತು ಅದರ ವೇಗಕ್ಕೆ ಯಾವ ಕಲ್ಲೂ ಸಾಟಿಯಿಲ್ಲ: ಒಂದೇ ಒಂದು ಕ್ಯಾಟಲೇಸ್ ಅಣು ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಒಡೆಯುತ್ತದೆ.

ಫ್ರಾನ್ಸಿನ ತೆನಾರ್ 1818ರಲ್ಲಿ ಪೆರಾಕ್ಸೈಡ್ ಕಂಡುಹಿಡಿದಾಗ ಅವನನ್ನು ಬೆರಗುಗೊಳಿಸಿದ್ದೂ ಇದೇ. ಲೋಹ, ಖನಿಜಗಳ ಪುಡಿ ಮಾಡುವ ಕೆಲಸವನ್ನು ಪ್ರಾಣಿಯ ಮಾಂಸದ ಎಳೆಯೂ ಮಾಡುತ್ತಿತ್ತು. ಸ್ವೀಡನ್ನಿನ ಬರ್ಜೀಲಿಯಸ್ 1835ರಲ್ಲಿ ಇಂಥ ಹಲವು ಸಂಗತಿಗಳನ್ನು ಒಟ್ಟುಗೂಡಿಸಿ, ತಾನು ಖರ್ಚಾಗದೆ ಬೇರೆಯವುಗಳ ಕ್ರಿಯೆಯನ್ನು ನಡೆಸಿಕೊಡುವ ವಸ್ತುಗಳದ್ದೇ ಒಂದು ವರ್ಗ ಮಾಡಿದ. ಯುರೋಪಿನ ಪ್ರಯೋಗಶಾಲೆಗಳನ್ನು ಕಾಡಿದ ಪ್ರಶ್ನೆಯನ್ನು ಹೊಸಪೇಟೆಯ ಹಿತ್ತಲಿನಲ್ಲಿ, ಸಂಡೂರಿನ ಕಲ್ಲು ಮತ್ತು ಸಂತೆಯ ಆಲೂಗಡ್ಡೆ ಇಟ್ಟುಕೊಂಡು ಅರ್ಧ ಗಂಟೆಯಲ್ಲಿ ನೋಡಬಹುದು. ನಾನು ರಸಾಯನಶಾಸ್ತ್ರ ಓದಿದ್ದು ಬಿಎಸ್ಸಿಯವರೆಗೆ, ಹೊಟ್ಟೆಪಾಡಿನ ಕೆಲಸ ಬೇರೆಯೇ ಆಯಿತು. ಪಾಠದಲ್ಲಿ ಉಳಿದ ಪ್ರೀತಿ ಹವ್ಯಾಸವಾಗಿ ಹಿತ್ತಲಿಗೆ ಬಂದಿದೆ. ಜಡವಸ್ತು ಮಾಡುವ ರಸಾಯನ ಯಾವುದು, ಜೀವ ಮಾಡುವ ರಸಾಯನ ಯಾವುದು, ಎರಡೂ ಎಲ್ಲಿ ಕೈ ಕೂಡಿಸುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ನಮ್ಮೂರಿನ ಸಾಮಾನುಗಳಲ್ಲೇ ಹುಡುಕುವುದು ಈ ಹವ್ಯಾಸದ ಸುಖ.

ಹಂಪಿಗೆ ಹೋದಾಗಲೂ ಈ ಹುಡುಕಾಟ ಬಿಡುವುದಿಲ್ಲ. ಮಾತಂಗ ಪರ್ವತ ಹತ್ತಿ ಏದುಸಿರು ಬಿಡುತ್ತ ನಿಂತರೆ ಕೆಳಗೆ ವಿರೂಪಾಕ್ಷನ ಗೋಪುರ. ಅದರ ಮೇಲಿನ ಇಟ್ಟಿಗೆ ಕಟ್ಟಡ, ಗಾರೆಯ ಮೂರ್ತಿಗಳಿಗೆಲ್ಲ ಮೂಲ ಸುಣ್ಣ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ, ಅರೆದು, ಗೋಡೆಗೆ ಬಳಿದ ಮೇಲೆ ಅದೇ ಅನಿಲವನ್ನು ಗಾಳಿಯಿಂದ ನಿಧಾನವಾಗಿ ಹಿಂದಕ್ಕೆ ಪಡೆದು ಮತ್ತೆ ಕಲ್ಲಾಗುತ್ತದೆ. ದಪ್ಪ ಗಾರೆಯ ಒಳಪದರಕ್ಕೆ ಗಾಳಿ ನುಸುಳಿ ಅದು ಪೂರ್ತಿ ಕಲ್ಲಾಗಲು ವರ್ಷಗಳೇ ಬೇಕು. ಗೋಡೆಗೇನೂ ಅವಸರವಿಲ್ಲ.

ಗುಡ್ಡ ಹತ್ತಿದ ಎದೆಗೆ ಅವಸರವಿದೆ. ಮೈಯೊಳಗೆ ಹುಟ್ಟಿದ ಅದೇ ಡೈಆಕ್ಸೈಡ್ ಹೆಚ್ಚಿನ ಪಾಲು ರಕ್ತದ ನೀರಿನೊಂದಿಗೆ ಕೂಡಿ, ಬೈಕಾರ್ಬನೇಟ್ ಆಗಿ ಶ್ವಾಸಕೋಶಕ್ಕೆ ಬರುತ್ತದೆ. ಅಲ್ಲಿ ಮತ್ತೆ ಅನಿಲವಾಗಿ ಉಸಿರಿನಲ್ಲಿ ಹೊರಹೋಗಬೇಕು. ಶ್ವಾಸಕೋಶದ ಸಣ್ಣ ರಕ್ತನಾಳದಲ್ಲಿ ರಕ್ತ ನಿಲ್ಲುವುದು ಒಂದು ಸೆಕೆಂಡಿಗಿಂತ ಕಡಿಮೆ, ಈ ಬದಲಾವಣೆ ತಾನಾಗಿ ನಡೆಯಲು ಅಷ್ಟು ಹೊತ್ತು ಸಾಲದು. ಕೆಂಪು ರಕ್ತಕಣದಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವೊಂದು ಇರುವುದರಿಂದ ನಾವು ಉಸಿರಾಡಿಕೊಂಡಿದ್ದೇವೆ. ನಡುವೆ ಒಂದು ಸತುವಿನ ಪರಮಾಣು ಇಟ್ಟುಕೊಂಡ ಆ ಕಿಣ್ವದ ಒಂದೊಂದು ಅಣು ಸೆಕೆಂಡಿಗೆ ಹತ್ತು ಲಕ್ಷದಷ್ಟು ಬಾರಿ ಈ ಕೆಲಸ ಮಾಡಬಲ್ಲದು. ಕಣ್ಣೆದುರಿನ ಗೋಪುರದಲ್ಲಿ ವರ್ಷಗಟ್ಟಲೆ ಹಿಡಿದ ಅನಿಲ, ಎದೆಯೊಳಗೆ ಕ್ಷಣಾರ್ಧದಲ್ಲಿ ದಾಟಿಹೋಗುವ ಅನಿಲ, ಎರಡೂ ಒಂದೇ. ಇದನ್ನು ತಿಳಿದ ಮೇಲೆ ಮಾತಂಗದ ಮೇಲೆ ನಿಂತು ಸುಧಾರಿಸಿಕೊಳ್ಳುವ ಆ ಐದು ನಿಮಿಷ ನನಗೆ ಹಂಪಿಯ ಅತ್ಯಂತ ಪ್ರೀತಿಯ ಹೊತ್ತು.

ಇನ್ನೊಂದು ಪ್ರಯೋಗಕ್ಕೆ ಬೇಕಾದದ್ದು ರೈತರ ಮನೆಯಲ್ಲೇ ಸಿಗುತ್ತದೆ: ಹೊಲದಿಂದ ಬಂದ ಇಡೀ ತೊಗರಿ ಕಾಳು, ಒಂದು ಚಮಚ ಯೂರಿಯಾ ಗೊಬ್ಬರ, ಅರಿಶಿನ. ಕಾಳು ನೆನೆಸಿ ನುಣ್ಣಗೆ ರುಬ್ಬಿ, ಯೂರಿಯಾ ಕರಗಿಸಿದ ನೀರಿಗೆ ಕಲಸಿ ಬಾಟಲಿಯಲ್ಲಿಡಬೇಕು. ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಯನ್ನು ಒದ್ದೆ ಮಾಡಿ ಬಾಟಲಿಯ ಬಾಯಿಗೆ ಹಿಡಿದು ಕಾಯಬೇಕು. ಹಳದಿ ಕಾಗದ ಅಂಚಿನಿಂದ ಕೆಂಪಗಾಗುತ್ತ ಬರುತ್ತದೆ, ಮೂಗಿಗೆ ಅಮೋನಿಯದ ಘಾಟು ಹೊಡೆಯುತ್ತದೆ. ಮದುವೆಯಲ್ಲಿ ಅರಿಶಿನದ ನೀರಿಗೆ ಸುಣ್ಣ ಕಲಸಿ ಕೆಂಪು ಆರತಿ ಎತ್ತುವವರಿಗೆ ಈ ಬಣ್ಣ ವಿವರಿಸಿ ಹೇಳಬೇಕಿಲ್ಲ. ಕ್ಷಾರ ಸೋಕಿದರೆ ಅರಿಶಿನ ಕೆಂಪಾಗುತ್ತದೆ ಎಂಬುದು ನಮ್ಮ ಹೆಂಗಸರು ಪುಸ್ತಕಗಳಿಗಿಂತ ಮೊದಲೇ ಬಲ್ಲ ಸಂಗತಿ.

ತೊಗರಿಯಲ್ಲಿರುವ ಯೂರಿಯೇಸ್ ಕಿಣ್ವ ಯೂರಿಯಾವನ್ನು ಅಮೋನಿಯ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಅದೇ ಬಾಟಲಿಗೆ ಯೂರಿಯಾ ಬದಲು ಸಕ್ಕರೆ ಹಾಕಿದರೆ ಕಾಗದ ಹಳದಿಯಾಗಿಯೇ ಉಳಿಯುತ್ತದೆ. ಕಿಣ್ವಗಳ ಈ ಮಡಿವಂತಿಕೆಯನ್ನೇ ಎಮಿಲ್ ಫಿಷರ್ 1894ರಲ್ಲಿ ಬೀಗ ಮತ್ತು ಬೀಗದ ಕೈಗೆ ಹೋಲಿಸಿದ್ದು. ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ಯೂರಿಯಾ ಎರಚಿದ ಮೇಲೆ ಬರುವ ಘಾಟಿನಲ್ಲಿಯೂ ಇದೇ ಕಿಣ್ವದ ಕೈವಾಡ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಹೊತ್ತುಕೊಂಡಿರುತ್ತವೆ. ಗೊಬ್ಬರ ಪೈರಿಗೆ ದಕ್ಕುವುದೂ ಅದರಿಂದ, ಗಾಳಿಗೆ ಹೋಗುವುದೂ ಅದರಿಂದ.

ಯೂರಿಯೇಸ್ ಎಂದರೆ ನನಗೆ ಜೇಮ್ಸ್ ಸಮ್ನರ್ ನೆನಪಾಗುತ್ತಾನೆ. ಹದಿನೇಳರ ಹರೆಯದಲ್ಲಿ ಬೇಟೆಗೆ ಹೋದಾಗ ಗುಂಡು ತಗುಲಿ ಅವನ ಎಡಗೈ ಹೋಯಿತು, ಅವನು ಎಡಚ ಬೇರೆ. ಒಂದೇ ಕೈಯಲ್ಲಿ ಪ್ರಯೋಗ ಮಾಡಲಾಗದು ಎಂದವರ ಮಾತು ಕೇಳದೆ ರಸಾಯನಶಾಸ್ತ್ರ ಕಲಿತ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಅವರೆ ಜಾತಿಯ ಒಂದು ಕಾಳಿನ ಹಿಂದೆ ಬಿದ್ದು 1926ರಲ್ಲಿ ಯೂರಿಯೇಸನ್ನು ಹರಳುಗಟ್ಟಿಸಿದ. ಹರಳಾದದ್ದು ಪ್ರೋಟೀನ್, ಆದ್ದರಿಂದ ಕಿಣ್ವವೂ ಪ್ರೋಟೀನೇ ಎಂದ. ಆ ಕಾಲದ ದೊಡ್ಡ ಹೆಸರುಗಳು ಒಪ್ಪಲಿಲ್ಲ. ನೊಬೆಲ್ ಬಂದದ್ದು 1946ರಲ್ಲಿ. ಕಾಳು ರುಬ್ಬುವಾಗಲೆಲ್ಲ ಆ ಒಂಟಿ ಕೈಯ ಹಟ ನನಗೆ ಗೌರವ ಹುಟ್ಟಿಸುತ್ತದೆ.

ಬಾಳೆಯದ್ದು ಚಿಕ್ಕ ಮಾತು. ಹಂಪಿ, ಕಮಲಾಪುರದ ತೋಟಗಳ ಬಾಳೆಗೊನೆ (ಕೆಂಬಾಳೆಯ ಕಮಲಾಪುರ ಕಲಬುರಗಿಯದು, ಇದು ಬೇರೆ) ಮನೆಗೆ ಬಂದರೆ ಕಾಯಿದ್ದಾಗ ಒಂದು, ಅರೆಹಣ್ಣಾದಾಗ ಒಂದು, ಕಳಿತಾಗ ಒಂದು ಕೊಯ್ದು ಅಯೋಡಿನ್ ಹನಿಸುತ್ತೇನೆ. ಕಾಯಿ ಕಡುನೀಲಿಯಾಗುತ್ತದೆ, ಕಳಿತದ್ದಕ್ಕೆ ಬಣ್ಣ ಹತ್ತುವುದೇ ಇಲ್ಲ. ಕಾಯಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟಿದ್ದ ಪಿಷ್ಟ ಹಣ್ಣಿನಲ್ಲಿ ಒಂದೆರಡಕ್ಕೆ ಇಳಿದಿರುತ್ತದೆ, ಉಳಿದದ್ದೆಲ್ಲ ಸಕ್ಕರೆ. ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳನ್ನು ಎಬ್ಬಿಸುವುದು ಎಥಿಲೀನ್ ಅನಿಲ. ಹಳಬರು ಕೋಣೆಗೆ ಹೊಗೆ ಹಾಕಿ ಹಣ್ಣು ಮಾಡುತ್ತಿದ್ದರಲ್ಲ, ಆ ಹೊಗೆಯಲ್ಲೂ ಇರುವುದು ಅದೇ.

ಇವೆಲ್ಲ ಕಿಣ್ವವನ್ನು ಕೆಲಸಕ್ಕೆ ಹಚ್ಚುವ ಆಟಗಳು. ಅದನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ವಿದ್ಯೆ ನೋಡಬೇಕೆಂದರೆ ಕಂಪ್ಲಿ ಕಡೆಯ ಆಲೆಮನೆಗೇ ಹೋಗಬೇಕು. ತುಂಗಭದ್ರೆಯ ನೀರು, ವಿಜಯನಗರದ ಕಾಲದಿಂದ ಹರಿಯುತ್ತ ಬಂದ ಕಾಲುವೆಗಳು ಈ ನೆಲದಲ್ಲಿ ಭತ್ತ, ಬಾಳೆ, ಕಬ್ಬು ಬೆಳೆಸಿವೆ. ಗಾಣದ ಪಕ್ಕ ಸಿಪ್ಪೆಯ ಬಣವೆ, ನೆಲದೊಳಗೆ ಅಗೆದ ಒಲೆಯ ಮೇಲೆ ಅಗಲವಾದ ಕೊಪ್ಪರಿಗೆ, ಆವಿಯಲ್ಲಿ ಮುಖ ಕಾಣದ ಕೆಲಸಗಾರರು. ಒಲೆಗೆ ಉರುವಲು ಗಾಣದಿಂದ ಬಂದ ಸಿಪ್ಪೆಯೇ.

ಕಬ್ಬು ಕಡಿದ ಗಳಿಗೆಯಿಂದ ಅದರೊಳಗೆ ಒಂದು ಬದಲಾವಣೆ ಶುರುವಾಗುತ್ತದೆ. ಬೆಳೆಯುವಾಗ ಸಕ್ಕರೆ ಕೂಡಿಟ್ಟ ಗಿಡದಲ್ಲೇ ಅದನ್ನು ಒಡೆಯುವ ಇನ್ವರ್ಟೇಸ್ ಕಿಣ್ವವೂ ಇದೆ. ಅದು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳಾಗಿ ಸೀಳುತ್ತದೆ. ಸುಕ್ರೋಸ್ ಹರಳುಗಟ್ಟುತ್ತದೆ, ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಸೀಳಿದ ಜೋಡಿ ನಿಲ್ಲುವುದಿಲ್ಲ. ಬಿಸಿಲು ಏರಿದಂತೆ ಕಿಣ್ವದ ಕೈ ಚುರುಕಾಗುತ್ತದೆ. ನಲವತ್ತು ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ ಕಡಿದ ಕಬ್ಬನ್ನು ಹೊಲದಲ್ಲಿ ಎರಡು ದಿನ ಬಿಟ್ಟರೆ ಬೆಲ್ಲದ ಹಣೆಬರಹ ಅಲ್ಲೇ ಬರೆದಾಯಿತು. ಕೊಪ್ಪರಿಗೆಯ ಮುಂದೆ ಕೂತ ಅಜ್ಜ ಇದನ್ನು ಒಂದೇ ಮಾತಿನಲ್ಲಿ ಹೇಳಿದ: "ಕಡದ ಕಬ್ಬು ಮಲಗಿಸಬಾರದ್ರಿ ಸರ. ಅದು ಮಲಗಿದ್ರ ಬೆಲ್ಲ ಏಳಂಗಿಲ್ಲ."

ಇದೇ ಕಿಣ್ವ ಜೀವರಸಾಯನಶಾಸ್ತ್ರದ ದೊಡ್ಡ ಅಧ್ಯಾಯವೊಂದಕ್ಕೆ ಕಾರಣವಾಯಿತು. 1913ರಲ್ಲಿ ಬರ್ಲಿನ್‌ನಲ್ಲಿ ಲಿಯೊನರ್ ಮೈಕೇಲಿಸ್ ಮತ್ತು ಕೆನಡಾದಿಂದ ಬಂದ ವೈದ್ಯೆ ಮಾಡ್ ಮೆಂಟೆನ್ ಇನ್ವರ್ಟೇಸ್ ಸಕ್ಕರೆಯನ್ನು ಎಷ್ಟು ವೇಗದಲ್ಲಿ ಸೀಳುತ್ತದೆ ಎಂದು ಅಳೆದರು. ಸಕ್ಕರೆ ಹೆಚ್ಚಿಸುತ್ತ ಹೋದರೆ ವೇಗವೂ ಏರುತ್ತದೆ, ಆದರೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಎಲ್ಲ ಕಿಣ್ವಗಳ ಕೈಗೂ ಕೆಲಸ ತುಂಬಿದ ಮೇಲೆ ಇನ್ನೆಷ್ಟು ಸಕ್ಕರೆ ಸುರಿದರೇನು? ಅವರ ಸಮೀಕರಣ ಇಂದಿಗೂ ಕಾಲೇಜಿನ ಪಾಠ. ಅದರಲ್ಲಿ ಬರುವ ವಸ್ತು ಕಂಪ್ಲಿಯ ಕಬ್ಬಿನಲ್ಲಿದೆ ಎಂದು ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೆ ಆ ವಕ್ರರೇಖೆ ಕಾಗದದಿಂದ ಎದ್ದು ಬರುತ್ತಿತ್ತು.

ಹಾಲು (ಇಲ್ಲಿ ಹಾಲೆಂದರೆ ಕಬ್ಬಿನ ರಸ) ಕೊಪ್ಪರಿಗೆಗೆ ಬಿದ್ದು ಕುದಿಯಲು ಹತ್ತಿದರೆ ಇನ್ವರ್ಟೇಸ್ ಸತ್ತಿತು, ಹಾಲನ್ನು ಕಪ್ಪಾಗಿಸುವ ಕಿಣ್ವವೂ ಸತ್ತಿತು. ಆದರೆ ಅಪಾಯ ಮುಗಿಯಲಿಲ್ಲ. ಹಾಲು ಸ್ವಲ್ಪ ಹುಳಿ. ಕಿಣ್ವದ ಹಂಗಿಲ್ಲದೆಯೂ ಆಮ್ಲ ಸುಕ್ರೋಸನ್ನು ಸೀಳಬಲ್ಲದು, ಅದಕ್ಕೆ ಬಿಸಿ ಏರಿದಷ್ಟೂ ಹುರುಪು. ಜೀವದ ಕಡೆಯ ಶತ್ರುವನ್ನು ಬೆಂಕಿ ಕೊಂದಿತು, ಜಡದ ಕಡೆಯ ಶತ್ರುವಿಗೆ ಅದೇ ಬೆಂಕಿ ಬಲ ಕೊಡುತ್ತದೆ. ಅದಕ್ಕೇ ಸುಣ್ಣದ ತಿಳಿನೀರು. ಹುಳಿಯನ್ನು ಮುರಿಯುವಷ್ಟೇ ಹಾಕಬೇಕು, ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಬೆಂಡೆಗಿಡದ ಲೋಳೆ ಸುರಿದರೆ ಮಡ್ಡಿ ಮೇಲೆ ತೇಲಿ ಬರುತ್ತದೆ, ಜಾಲರಿಯಲ್ಲಿ ಎತ್ತಿ ಚೆಲ್ಲುತ್ತಾರೆ. ಬೆಲ್ಲಕ್ಕೆ ಸುಣ್ಣ ಬೇಕಾದಂತೆ ಹಿಂದೆ ಗಾರೆ ಅರೆಯುವವರಿಗೆ ಬೆಲ್ಲದ ನೀರು ಬೇಕಿತ್ತು, ಅಳಲೆಕಾಯಿಯ ಜೊತೆಗೆ ಅದನ್ನೂ ಗಾರೆಗೆ ಸೇರಿಸುತ್ತಿದ್ದರು. ಈ ಕೊಡುಕೊಳ್ಳುವಿಕೆ ನೆನೆದರೆ ಬಹಳ ಖುಷಿಯಾಗುತ್ತದೆ ನನಗೆ.

ಕೊನೆಗೆ ಹದ. ಪಾಕ ನೂರಹದಿನೆಂಟು ಡಿಗ್ರಿಯ ಹತ್ತಿರ ಬರಬೇಕು, ಅದಕ್ಕೆ ಆಲೆಮನೆಯಲ್ಲಿ ಥರ್ಮಾಮೀಟರ್ ಕಾಣಲಿಲ್ಲ. ಅಜ್ಜ ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ "ಇಳಸ್ರಿ" ಎಂದ. ಕೆಳಗಿಳಿಸಿ, ತಿರುವಿ, ಅಚ್ಚಿಗೆ ಸುರಿದರು. ಬೆಲ್ಲ ಹಳದಿಯಾಗಿ ಹೊಳೆಯಲಿ ಎಂದು ಹೈಡ್ರೋಸ್ ಎಂಬ ಬಣ್ಣ ತೆಗೆಯುವ ರಾಸಾಯನಿಕ ಹಾಕುವ ರೂಢಿ ಕೆಲವು ಕಡೆ ಇದೆ. ಅದು ನನಗೆ ಸುತಾರಾಂ ಒಪ್ಪಿಗೆಯಿಲ್ಲ. ಕಂದು ಬೆಲ್ಲದ ಬಣ್ಣದಲ್ಲಿ ಕಿಣ್ವದ್ದೂ ಬೆಂಕಿಯದ್ದೂ ಲೆಕ್ಕ ಇರುತ್ತದೆ. ಅದನ್ನು ಅಳಿಸಿ ಕೊಳ್ಳುವವರ ಕಣ್ಣು ತಣಿಸುವುದು ಯಾತಕ್ಕೆ?

ಆ ಲೆಕ್ಕ ಮಳೆಗಾಲದಲ್ಲಿ ಮತ್ತೊಮ್ಮೆ ಬಯಲಾಗುತ್ತದೆ. ಕೆಲವು ಬೆಲ್ಲ ಶ್ರಾವಣದವರೆಗೆ ಕಲ್ಲಿನಂತೆ ಕೂತಿರುತ್ತದೆ, ಕೆಲವು ಆಷಾಢದಲ್ಲೇ ಬೆವರಿ ಡಬ್ಬಿಯ ತಳದಲ್ಲಿ ರಸ ಬಿಡುತ್ತದೆ. ಫ್ರಕ್ಟೋಸ್‌ಗೆ ಗಾಳಿಯ ತೇವ ಹೀರುವ ಗುಣ ಹೆಚ್ಚು. ಬೆವರುವ ಬೆಲ್ಲದಲ್ಲಿ ಸುಕ್ರೋಸ್ ಹೆಚ್ಚು ಸೀಳಿಹೋಗಿರುತ್ತದೆ, ಎಂದರೆ ಬಹುಮಟ್ಟಿಗೆ ಆ ಕಬ್ಬು ಗಾಣ ಕಾಣುವ ಮೊದಲು ಬಿಸಿಲಲ್ಲಿ ಕಾದಿತ್ತು, ಇಲ್ಲವೇ ಸುಣ್ಣದ ಹದ ತಪ್ಪಿತ್ತು. ಹೊಸಪೇಟೆಯ ಸಂತೆಯಲ್ಲಿ ಬೆಲ್ಲ ಕೊಳ್ಳುವಾಗ ದರಕ್ಕಿಂತ ಮೊದಲು ನಾನು ಕೇಳುವುದು ಕಬ್ಬು ಕಡಿದ ದಿನವೇ ಅರೆದರೋ ಇಲ್ಲವೋ ಎಂದು. ಬಹಳ ಮಂದಿ ವ್ಯಾಪಾರಿಗಳಿಗೆ ಅದು ಗೊತ್ತಿರುವುದಿಲ್ಲ. ಗೊತ್ತಿರುವ ಒಬ್ಬಾಕೆ ಇದ್ದಾಳೆ, ತಮ್ಮ ಹೊಲದ ಕಬ್ಬನ್ನು ತಾವೇ ಅರೆಸಿ ತರುವವಳು. "ಮುಂಜಾನೆ ಕಡದು ಮಧ್ಯಾಹ್ನ ಗಾಣಕ್ಕ ಕೊಟ್ಟೀವಿ ಅಣ್ಣಾ, ಹಿಡಕೊಳ್ರಿ," ಎಂದು ಅಚ್ಚು ಕೈಗಿಡುತ್ತಾಳೆ. ಅವಳು ಬಾರದ ವಾರ ನಾನು ಬೆಲ್ಲ ಕೊಳ್ಳುವುದಿಲ್ಲ.