ಹೊಣೆಯನ್ನು ಗುತ್ತಿಗೆಗೆ ಕೊಡಬಹುದೇ?

ವ್ಯಾಪಾರದಲ್ಲಿ ತಲೆ ನರೆತವರಿಗೆಲ್ಲ ಒಂದು ಅನುಭವ ಇದ್ದೇ ಇರುತ್ತದೆ. ಮುಂಗಡ ಕೊಟ್ಟು, ಬಹುಕಾಲ ಕಾದು, ಕೊನೆಗೆ ಬಾಗಿಲಿಗೆ ಬಂದ ಸರಕನ್ನು ‘ಇದು ಬೇಡ’ ಎಂದು ಹಿಂದಕ್ಕೆ ಕಳುಹಿಸುವುದು ಎಷ್ಟು ಕಷ್ಟವೆಂಬುದೇ ಆ ಅನುಭವ. ಕೊಟ್ಟ ಹಣ ಸಿಕ್ಕಿಬೀಳುತ್ತದೆ, ಹಳೆಯ ಸ್ನೇಹ ಕೆಡುತ್ತದೆ, ನಾಲ್ಕು ಜನರ ಮುಂದೆ ತನ್ನ ಆಯ್ಕೆಯೇ ತಪ್ಪಾಗಿತ್ತೆಂದು ಒಪ್ಪಿಕೊಂಡಂತೆಯೂ ಆಗುತ್ತದೆ. ಆದರೂ ಆ ಮಾತನ್ನು ಆಡಲೇಬೇಕಾದ ಗಳಿಗೆಗಳಿವೆ. 2024ನೆಯ ಇಸವಿ ಆಗಸ್ಟ್ 24ರಂದು ಅಮೆರಿಕದ ಸರ್ಕಾರಿ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ಅಂಥದೊಂದು ಗಳಿಗೆಯನ್ನು ಎದುರಿಸಿತು.

ಆ ವರ್ಷದ ಜೂನ್ 5ರಂದು ಬೋಯಿಂಗ್ ಕಂಪನಿಯ ಸ್ಟಾರ್‌ಲೈನರ್ ಎಂಬ ನೌಕೆಯು ಬುಚ್ ವಿಲ್ಮೋರ್ ಮತ್ತು ಸುನೀತಾ ವಿಲಿಯಮ್ಸ್ ಅವರನ್ನು ಹೊತ್ತು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಿತು. ಸುಮಾರು ಎಂಟು ದಿನಗಳ ಪರೀಕ್ಷಾ ಪ್ರಯಾಣವೆಂಬುದು ಮೊದಲಿನ ಯೋಜನೆ. ನಿಲ್ದಾಣವನ್ನು ಸಮೀಪಿಸುವಾಗ ನೌಕೆಯ ಚಲನೆಯನ್ನು ತಿದ್ದುವ 28 ಸಣ್ಣ ಎಂಜಿನುಗಳಲ್ಲಿ ಐದು ಕೈಕೊಟ್ಟವು. ಹೀಲಿಯಂ ಅನಿಲವೂ ಸೋರುತ್ತಿತ್ತು. ನಿಂತುಹೋದ ಎಂಜಿನುಗಳಲ್ಲಿ ನಾಲ್ಕು ಮತ್ತೆ ಕೆಲಸ ಮಾಡಿದವಾದರೂ ಅವು ಏಕೆ ನಿಂತವು ಎಂಬುದು ನಿಸ್ಸಂದೇಹವಾಗಿ ತಿಳಿಯಲಿಲ್ಲ. ನೆಲದ ಮೇಲೆ ವಾರಗಟ್ಟಲೆ ಪರೀಕ್ಷೆಗಳು ನಡೆದವು. ಅದೇ ನೌಕೆಯಲ್ಲಿ ಇಬ್ಬರನ್ನೂ ಕ್ಷೇಮವಾಗಿ ಕರೆತರಬಹುದೆಂದು ತಯಾರಕರು ಹೇಳಿದರು. ಕೊಳ್ಳುವ ಪಕ್ಷವಾದ ನಾಸಾ ಒಪ್ಪಲಿಲ್ಲ. ಸೆಪ್ಟೆಂಬರ್ 7ರಂದು ಸ್ಟಾರ್‌ಲೈನರ್ ಖಾಲಿ ಆಸನಗಳೊಡನೆ ನ್ಯೂ ಮೆಕ್ಸಿಕೋದ ಮರುಭೂಮಿಗೆ ಇಳಿಯಿತು. ಯಾತ್ರಿಕರಿಬ್ಬರೂ 286 ದಿನಗಳನ್ನು ಬಾಹ್ಯಾಕಾಶದಲ್ಲಿ ಕಳೆದು, 2025ರ ಮಾರ್ಚ್ 18ರಂದು ಸ್ಪೇಸ್‌ಎಕ್ಸ್ ಎಂಬ ಮತ್ತೊಂದು ಕಂಪನಿಯ ಡ್ರ್ಯಾಗನ್ ನೌಕೆಯಲ್ಲಿ ಭೂಮಿಗೆ ಮರಳಿದರು.

ಇಲ್ಲಿ ಓದುಗರಿಗೆ ಒಂದು ಸಂದೇಹ ಬರಬಹುದು. ಖಾಲಿ ನೌಕೆಯು ಸುರಕ್ಷಿತವಾಗಿಯೇ ಇಳಿಯಿತಲ್ಲವೇ? ಹಾಗಾದರೆ ನಾಸಾ ಮಾಡಿದ ತೀರ್ಮಾನ ತಪ್ಪಾಯಿತೇ? ನೀತಿಯ ದೃಷ್ಟಿಯಿಂದ ನೋಡಿದರೆ ಇದು ತಪ್ಪಲ್ಲ. ಮನುಷ್ಯನ ತೀರ್ಮಾನವನ್ನು ಆ ಹೊತ್ತಿಗೆ ಅವನಿಗೆ ತಿಳಿದಿದ್ದ ಸಂಗತಿಗಳ ಬೆಳಕಿನಲ್ಲಿ ತೂಗಬೇಕೇ ಹೊರತು ಆಮೇಲೆ ಒದಗಿದ ಫಲದಿಂದಲ್ಲ. ಕಾರಣ ತಿಳಿಯದ ದೋಷವೊಂದು ಕಣ್ಣೆದುರಿಗಿರುವಾಗ ಪರರ ಪ್ರಾಣವನ್ನು ಪಣಕ್ಕಿಡದಿರುವುದು ಸರಿಯಾದ ನಡೆ. ಅದೃಷ್ಟವಶಾತ್ ಸಾಲ ವಸೂಲಾಯಿತೆಂಬ ಮಾತ್ರಕ್ಕೆ ಆಧಾರವಿಲ್ಲದೆ ಸಾಲ ಕೊಟ್ಟದ್ದು ವಿವೇಕವೆನಿಸುವುದಿಲ್ಲವಷ್ಟೆ.

ಸರ್ಕಾರದ ಕೈಯಲ್ಲಿದ್ದ ಬಾಹ್ಯಾಕಾಶ ಯಾನವು ಖಾಸಗಿಯವರ ಕೈಗೆ ಹೋಗುತ್ತಿದೆ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಕೆಲವರು ಇದನ್ನು ಹಬ್ಬವೆಂದು ಕೊಂಡಾಡುತ್ತಾರೆ, ಇನ್ನು ಕೆಲವರು ಆಪತ್ತೆಂದು ಹೆದರುತ್ತಾರೆ. ಎರಡೂ ಪಕ್ಷಗಳು ಒಂದು ಸಂಗತಿಯನ್ನು ಮರೆಯುವುದುಂಟು. ಹಿಂದೆಯೂ ನೌಕೆಗಳನ್ನು ಕಟ್ಟಿದವರು ಕಂಪನಿಗಳೇ. 1981ರಿಂದ 2011ರವರೆಗೆ 135 ಬಾರಿ ಹಾರಿದ ಸ್ಪೇಸ್ ಷಟಲ್ ನೌಕೆಗಳನ್ನು ನಿರ್ಮಿಸಿದ್ದು ರಾಕ್‌ವೆಲ್ ಕಂಪನಿ. ಅವುಗಳ ಘನ ಇಂಧನದ ರಾಕೆಟ್ಟುಗಳನ್ನು ಮಾಡಿದ್ದು ಥಯಾಕಾಲ್ ಕಂಪನಿ. ಬದಲಾದದ್ದು ಕರಾರಿನ ಸ್ವರೂಪ. ಆಗ ನೌಕೆಯ ವಿನ್ಯಾಸವನ್ನು ನಿಶ್ಚಯಿಸುತ್ತಿದ್ದುದೂ, ಅದರ ಒಡೆತನವನ್ನು ಹೊಂದಿದ್ದುದೂ ಸರ್ಕಾರವೇ. ತಗುಲಿದ ವೆಚ್ಚವನ್ನೆಲ್ಲ ಭರಿಸಿ, ಅದರ ಮೇಲೆ ಲಾಭವನ್ನೂ ಕೊಡುವ ಪದ್ಧತಿ ರೂಢಿಯಲ್ಲಿತ್ತು. ಖರ್ಚು ಏರಿದರೆ ಮಾರುವವನಿಗೆ ನೋವಿಲ್ಲದ ಈ ಪದ್ಧತಿಯ ದೋಷವನ್ನು ಅರಿಯಲು ವಾಣಿಜ್ಯಶಾಸ್ತ್ರದ ಪದವಿಯೇನೂ ಬೇಕಾಗಿಲ್ಲ. ಮನೆ ಕಟ್ಟಿಸಿದವರಿಗೆಲ್ಲ ಅದು ತಿಳಿದಿರುತ್ತದೆ.

ಸರ್ಕಾರದ ಕೈಯಲ್ಲಿದ್ದ ಕಾರಣಕ್ಕೆ ಪ್ರಾಣಕ್ಕೆ ಹೆಚ್ಚಿನ ರಕ್ಷಣೆ ಇತ್ತೆಂದೂ ಹೇಳಲಾಗದು. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಆಕಾಶದಲ್ಲಿಯೇ ನಾಶವಾಗಿ ಏಳು ಜನ ಮಡಿದರು. ಹಿಂದಿನ ರಾತ್ರಿ, ಅಷ್ಟು ಚಳಿಯಲ್ಲಿ ರಬ್ಬರಿನ ಮುದ್ರೆಯುಂಗುರಗಳು ಬಿಗಿಯಾಗಿ ಕೂರಲಾರವು, ಉಡಾವಣೆ ಬೇಡವೆಂದು ಥಯಾಕಾಲ್ ಕಂಪನಿಯ ಎಂಜಿನಿಯರುಗಳು ವಾದಿಸಿದ್ದರು. ನಾಸಾದ ಅಧಿಕಾರಿಗಳು ಅಸಮಾಧಾನ ತೋರಿದರು. ಕಂಪನಿಯ ಮೇಲಧಿಕಾರಿಗಳು ತಮ್ಮವರ ಮಾತನ್ನೇ ಬದಿಗೊತ್ತಿ ಒಪ್ಪಿಗೆ ಕೊಟ್ಟರು. ಅಂದು ಮಾರುವವನ ಮನೆಯಿಂದಲೇ ‘ಬೇಡ’ ಎಂಬ ಮಾತು ಬಂದಿತ್ತು. ಕೊಳ್ಳುವವನಿಗೆ ಕೇಳುವ ತಾಳ್ಮೆ ಇರಲಿಲ್ಲ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯೊಡನೆ ಕಲ್ಪನಾ ಚಾವ್ಲಾ ಸೇರಿದಂತೆ ಮತ್ತೆ ಏಳು ಜನ ಇಲ್ಲವಾದರು. 2024ರ ಆಗಸ್ಟಿನಲ್ಲಿ ನಾಸಾದ ಆಗಿನ ಮುಖ್ಯಸ್ಥ ಬಿಲ್ ನೆಲ್ಸನ್ ತಮ್ಮ ತೀರ್ಮಾನವನ್ನು ಪ್ರಕಟಿಸುವಾಗ ಈ ಎರಡು ನೌಕೆಗಳ ನಷ್ಟವನ್ನು ನೆನೆದರು. ಹದಿನಾಲ್ಕು ಜೀವಗಳ ಬೆಲೆ ತೆತ್ತು ಕಲಿತ ಪಾಠವದು.

ಷಟಲ್ ನಿಂತ ಮೇಲೆ ಅಮೆರಿಕ ತನ್ನ ಯಾತ್ರಿಕರನ್ನು ಕಳುಹಿಸಲು ರಷ್ಯಾದ ಸೊಯುಜ್ ನೌಕೆಯಲ್ಲಿ ಆಸನಗಳನ್ನು ಕೊಳ್ಳಬೇಕಾಯಿತು. ಬೇರೆ ದಾರಿಯಿಲ್ಲದ ಗಿರಾಕಿಗೆ ಧಾರಣೆ ಏರುವುದು ಸಹಜವೇ. ಕೊನೆಕೊನೆಗೆ ಒಂದು ಆಸನದ ಬೆಲೆ 8 ಕೋಟಿ ಡಾಲರನ್ನು ಮೀರಿತು. ಈ ಹಿನ್ನೆಲೆಯಲ್ಲಿ 2014ರ ಸೆಪ್ಟೆಂಬರಿನಲ್ಲಿ ಎರಡು ಕರಾರುಗಳಾದವು. ಬೋಯಿಂಗ್‌ಗೆ 420 ಕೋಟಿ ಡಾಲರ್, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರ್. ನೌಕೆ ಕಂಪನಿಯದೇ, ಬೆಲೆ ನಿಗದಿತ, ಮಿಕ್ಕಿದ ಖರ್ಚು ಕಂಪನಿಯದು ಎಂಬುದು ಒಪ್ಪಂದದ ತಿರುಳು.

ಈ ಪದ್ಧತಿಯಿಂದ ಒಳಿತಾಗಿದೆ ಎಂಬುದನ್ನು ಒಪ್ಪಲೇಬೇಕು. 2002ರಲ್ಲಿ ಎಲಾನ್ ಮಸ್ಕ್ ಸ್ಥಾಪಿಸಿದ ಸ್ಪೇಸ್‌ಎಕ್ಸ್ ಕಂಪನಿಯ ಮೊದಲ ಮೂರು ರಾಕೆಟ್ಟುಗಳೂ ವಿಫಲವಾಗಿದ್ದವು. 2008ರ ಸೆಪ್ಟೆಂಬರ್ 28ರಂದು ನಾಲ್ಕನೆಯದು ಕಕ್ಷೆ ತಲುಪಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಾಸಾ ಸಾಮಾನು ಸಾಗಣೆಗಾಗಿ 160 ಕೋಟಿ ಡಾಲರಿನ ಕರಾರು ಕೊಟ್ಟಿತು. ಸಮುದ್ರಕ್ಕೆ ಬಿದ್ದು ಹಾಳಾಗುತ್ತಿದ್ದ ರಾಕೆಟ್ಟಿನ ಮೊದಲ ಹಂತವನ್ನು 2015ರ ಡಿಸೆಂಬರಿನಲ್ಲಿ ನೆಲಕ್ಕೆ ನೆಟ್ಟಗೆ ಇಳಿಸಿ, 2017ರ ಮಾರ್ಚಿನಲ್ಲಿ ಅಂಥದೊಂದನ್ನು ಮತ್ತೆ ಹಾರಿಸಿ ಕಂಪನಿ ತೋರಿಸಿತು. ಒಮ್ಮೆ ಬಳಸಿದ್ದನ್ನು ಬಿಸಾಡದೆ ಮತ್ತೆ ಬಳಸುವ ಈ ಮಿತವ್ಯಯವನ್ನು ಯಾವ ಗೃಹಸ್ಥನೂ ಮೆಚ್ಚುತ್ತಾನೆ. 2020ರ ಮೇ 30ರಂದು ಡ್ರ್ಯಾಗನ್ ಮೊದಲ ಬಾರಿಗೆ ಇಬ್ಬರು ಯಾತ್ರಿಕರನ್ನು ಹೊತ್ತೊಯ್ದಿತು.

ಆದರೆ ನಿಗದಿತ ಬೆಲೆಯ ಕರಾರಿಗೂ ಕಾವಲು ಬೇಕು. ನಾಸಾದ ಇನ್‌ಸ್ಪೆಕ್ಟರ್ ಜನರಲ್ 2019ರ ನವೆಂಬರಿನಲ್ಲಿ ಹೊರತಂದ ವರದಿಯ ಪ್ರಕಾರ, ಒಪ್ಪಿದ ಬೆಲೆಗಿಂತ ಸುಮಾರು 28.7 ಕೋಟಿ ಡಾಲರ್ ಹೆಚ್ಚು ಕೊಡಲು ನಾಸಾ ಬೋಯಿಂಗ್‌ಗೆ ಸಮ್ಮತಿಸಿತ್ತು. ಅದರಲ್ಲಿ ಬಹುಪಾಲು ಅನಗತ್ಯವಾಗಿತ್ತೆಂದು ವರದಿ ಹೇಳಿತು. ಅದೇ ವರದಿಯ ಅಂದಾಜಿನಲ್ಲಿ ಒಂದು ಆಸನಕ್ಕೆ ಬೋಯಿಂಗ್‌ನಲ್ಲಿ 9 ಕೋಟಿ ಡಾಲರ್, ಸ್ಪೇಸ್‌ಎಕ್ಸ್‌ನಲ್ಲಿ 5.5 ಕೋಟಿ ಡಾಲರ್ ಬೀಳುತ್ತಿತ್ತು. ಇಷ್ಟಾಗಿಯೂ ಮುಂದಿನ ತಿಂಗಳು ಜನರಿಲ್ಲದೆ ಹಾರಿದ ಸ್ಟಾರ್‌ಲೈನರ್ ಗಡಿಯಾರದ ಲೆಕ್ಕ ತಪ್ಪಿ ನಿಲ್ದಾಣವನ್ನೇ ತಲುಪಲಿಲ್ಲ. ನಂತರದ ವರ್ಷಗಳಲ್ಲಿ ಈ ನೌಕೆಯಿಂದ ಬೋಯಿಂಗ್‌ಗೆ ಆದ ನಷ್ಟ 150 ಕೋಟಿ ಡಾಲರನ್ನು ಮೀರಿತು. ಹಳೆಯ ಪದ್ಧತಿಯಾಗಿದ್ದರೆ ಆ ಹೊರೆ ತೆರಿಗೆ ಕೊಡುವ ಪ್ರಜೆಯ ಮೇಲೆ ಬೀಳುತ್ತಿತ್ತು. ಆದರೆ ನಷ್ಟದಲ್ಲಿರುವ ಮಾರಾಟಗಾರನಿಗೆ ಸರಕನ್ನು ಬೇಗ ಒಪ್ಪಿಸಿಬಿಡುವ ಆತುರ ಇರುತ್ತದೆಂಬುದನ್ನೂ ಮರೆಯಬಾರದು. ಕೊಳ್ಳುವವನ ಕಣ್ಣು ತೆರೆದಿರಬೇಕಾದದ್ದು ಆ ಕಾರಣಕ್ಕೇ.

ಎರಡನೆಯ ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ಸ್ಟಾರ್‌ಲೈನರ್ ಅನ್ನು ನಿರಾಕರಿಸಲು ನಾಸಾಗೆ ಸಾಧ್ಯವಾದದ್ದು ಡ್ರ್ಯಾಗನ್ ಇದ್ದುದರಿಂದ. ಹಾಗಾದರೆ ನಾಳೆ ಡ್ರ್ಯಾಗನ್ ಒಂದೇ ಉಳಿದರೆ ಅದನ್ನು ಬೇಡವೆನ್ನಬಲ್ಲವರು ಯಾರು? 2025ರ ಜೂನ್ 5ರಂದು ಅಧ್ಯಕ್ಷ ಟ್ರಂಪ್ ಅವರೊಡನೆ ನಡೆದ ಬಹಿರಂಗ ಜಗಳದ ನಡುವೆ, ಡ್ರ್ಯಾಗನ್ ನೌಕೆಗಳನ್ನು ಕೂಡಲೇ ಸೇವೆಯಿಂದ ತೆಗೆಯಲು ಆರಂಭಿಸುವುದಾಗಿ ಮಸ್ಕ್ ಘೋಷಿಸಿದರು. ಕೆಲವೇ ಗಂಟೆಗಳಲ್ಲಿ ಆ ಮಾತನ್ನು ಹಿಂತೆಗೆದುಕೊಂಡರು. ಆದರೂ ಒಬ್ಬ ಮನುಷ್ಯನ ಒಂದು ಸಂಜೆಯ ಕೋಪಕ್ಕೆ ಒಂದು ರಾಷ್ಟ್ರದ ಯಾತ್ರಿಕರ ಹಾದಿಯನ್ನು ಮುಚ್ಚುವ ಶಕ್ತಿ ಇದೆ ಎಂಬುದು ಅಂದು ಪ್ರಕಟವಾಯಿತು. ಕೋಪವನ್ನು ಕಷಾಯಗಳಲ್ಲಿ ಮೊದಲನೆಯದಾಗಿ ಎಣಿಸಿದ ಹಿರಿಯರಿಗೆ ಈ ಸುದ್ದಿ ಆಶ್ಚರ್ಯ ತರುತ್ತಿರಲಿಲ್ಲ.

ಮೂರನೆಯದು ಪರರಿಗಾಗುವ ಹಾನಿಯ ಮಾತು. 1967ರ ಬಾಹ್ಯಾಕಾಶ ಒಪ್ಪಂದದ ಆರನೆಯ ವಿಧಿಯು, ಖಾಸಗಿಯವರು ಬಾಹ್ಯಾಕಾಶದಲ್ಲಿ ಮಾಡುವ ಕೆಲಸಕ್ಕೂ ಅವರ ರಾಷ್ಟ್ರವೇ ಹೊಣೆಯೆಂದೂ, ಅನುಮತಿ ಕೊಟ್ಟು ಸುಮ್ಮನಾಗದೆ ನಿರಂತರ ಮೇಲ್ವಿಚಾರಣೆ ನಡೆಸಬೇಕೆಂದೂ ವಿಧಿಸಿದೆ. 1978ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮಾಸ್ 954 ಉಪಗ್ರಹವು ತನ್ನ ಪರಮಾಣು ಸ್ಥಾವರದೊಡನೆ ಕೆನಡಾದ ಉತ್ತರ ಪ್ರದೇಶದ ಮೇಲೆ ಬಿದ್ದಾಗ, ಆ ಸರ್ಕಾರ 1981ರಲ್ಲಿ 30 ಲಕ್ಷ ಕೆನಡಾ ಡಾಲರುಗಳನ್ನು ತೆತ್ತಿತು. 2023ರ ಏಪ್ರಿಲ್ 20ರಂದು ಟೆಕ್ಸಾಸಿನ ಕಡಲಂಚಿನಿಂದ ಸ್ಪೇಸ್‌ಎಕ್ಸ್‌ನ ಸ್ಟಾರ್‌ಶಿಪ್ ಮೊದಲ ಬಾರಿ ಮೇಲೆದ್ದಾಗ, ಉಡಾವಣಾ ವೇದಿಕೆಯ ಕಾಂಕ್ರೀಟು ಒಡೆದು ಸಾವಿರಾರು ಅಡಿ ದೂರಕ್ಕೆ ಸಿಡಿಯಿತು. ಸಮೀಪದ ಸಂರಕ್ಷಿತ ನೆಲದಲ್ಲಿ ಸುಮಾರು ಮೂರೂವರೆ ಎಕರೆ ಬೆಂಕಿಗೆ ಆಹುತಿಯಾಯಿತು. ಆ ತೀರ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ನೆಲೆ. ಕರಾರಿನ ಯಾವ ಪುಟದಲ್ಲಿಯೂ ಆ ಹಕ್ಕಿಗಳ ಸಹಿ ಇರುವುದಿಲ್ಲ. ಸಹಿ ಹಾಕಲಾರದವರ ಪರವಾಗಿ ನಿಲ್ಲಬೇಕಾದದ್ದು ಪ್ರಭುತ್ವದ ಕರ್ತವ್ಯ, ಅದನ್ನು ಯಾವ ಬೆಲೆಗೂ ಮಾರಲಾಗದು.

ನಮ್ಮ ದೇಶಕ್ಕೂ ಈ ವಿಚಾರ ದೂರದ್ದಲ್ಲ. ಭಾರತದ ಬಾಹ್ಯಾಕಾಶ ಕಾರ್ಯಕ್ಕೆ ಅಡಿಪಾಯ ಹಾಕಿದ ವಿಕ್ರಮ್ ಸಾರಾಭಾಯಿ ಅಹಮದಾಬಾದಿನ ಜೈನ ಉದ್ಯಮಿ ಮನೆತನದಲ್ಲಿ ಹುಟ್ಟಿದವರು, ಕಾರ್ಖಾನೆಗಳನ್ನು ಸ್ವತಃ ನಡೆಸಿದವರು. ಲಾಭದ ಮಾರ್ಗ ಚೆನ್ನಾಗಿ ತಿಳಿದಿದ್ದ ಆ ಮನುಷ್ಯ, ಬಡದೇಶದ ರಾಕೆಟ್ಟು ಶಿಕ್ಷಣ, ಹವಾಮಾನ, ಸಂಪರ್ಕಗಳ ಸೇವೆಗೆ ಒದಗಬೇಕೆಂದು ಬಯಸಿ ಅದನ್ನು ಸಾರ್ವಜನಿಕ ಕಾರ್ಯವಾಗಿ ಕಟ್ಟಿದರು. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹವು ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ, ಉಡುಪಿ ಸೀಮೆಯ ಯು.ಆರ್. ರಾವ್ ಅವರ ಮುಂದಾಳುತನದಲ್ಲಿ ಸಿದ್ಧವಾಯಿತು. 2020ರಲ್ಲಿ ಸರ್ಕಾರ ಖಾಸಗಿಯವರಿಗೆ ಬಾಗಿಲು ತೆರೆಯಿತು. 2022ರ ನವೆಂಬರ್ 18ರಂದು ಶ್ರೀಹರಿಕೋಟೆಯಿಂದ ಹಾರಿದ ಸ್ಕೈರೂಟ್ ಕಂಪನಿಯ ರಾಕೆಟ್ಟು ಸಾರಾಭಾಯಿಯವರ ಹೆಸರನ್ನೇ ಹೊತ್ತಿತ್ತು.

ಕೊಳ್ಳುವವನ ಎಚ್ಚರಕ್ಕೆ ನಮ್ಮವರೇ ಒಂದು ನಿದರ್ಶನವನ್ನೂ ಒದಗಿಸಿದ್ದಾರೆ. 2025ರ ಜೂನಿನಲ್ಲಿ ಶುಭಾಂಶು ಶುಕ್ಲಾ ಅವರು ಆಕ್ಸಿಯಮ್ ಕಂಪನಿಯ ಯಾತ್ರೆಯಲ್ಲಿ, ಸ್ಪೇಸ್‌ಎಕ್ಸ್ ನೌಕೆಯಲ್ಲಿ ನಿಲ್ದಾಣಕ್ಕೆ ಹೋಗುವುದಿತ್ತು. ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರುತ್ತಿರುವುದು ಕಂಡುಬಂದು ಜೂನ್ 11ರ ಉಡಾವಣೆ ಮುಂದೆ ಹೋಯಿತು. ಸೋರಿಕೆಯನ್ನು ಪೂರ್ತಿ ಸರಿಪಡಿಸಲೇಬೇಕೆಂದು ಇಸ್ರೋ ತಂಡ ಪಟ್ಟು ಹಿಡಿದಿತ್ತೆಂದು ಅದರ ಅಧ್ಯಕ್ಷ ವಿ. ನಾರಾಯಣನ್ ಆಮೇಲೆ ತಿಳಿಸಿದರು. ಜೂನ್ 25ರಂದು ಹೊರಟ ಶುಕ್ಲಾ ಜುಲೈ 15ರಂದು ಕ್ಷೇಮವಾಗಿ ಮರಳಿದರು. ಒಂದೇ ಒಂದು ಆಸನವನ್ನು ಕೊಂಡವರು ಕೂಡ ತಮ್ಮ ಯಾತ್ರಿಕನ ಹೊಣೆಯನ್ನು ಮಾರಿದವನ ಮೇಲೆ ಬಿಟ್ಟು ಕೈ ತೊಳೆದುಕೊಳ್ಳಲಿಲ್ಲ.

ಬಸದಿಯ ಜೀರ್ಣೋದ್ಧಾರವನ್ನು ಆಡಳಿತ ಮಂಡಳಿಯೊಂದು ಗುತ್ತಿಗೆಗೆ ಕೊಟ್ಟಾಗಲೂ ಧರ್ಮ ಇದೇ ಆಗಿರುತ್ತದೆ. ಕಲ್ಲು ಕೂರಿಸುವ ಕೌಶಲ ಗುತ್ತಿಗೆದಾರನದು, ಅದಕ್ಕೆ ತಕ್ಕ ಲಾಭ ಅವನಿಗೆ ನ್ಯಾಯವಾಗಿ ಸಲ್ಲತಕ್ಕದ್ದು. ಆದರೆ ಮೇಲ್ಛಾವಣಿಯ ಒಂದು ಕಲ್ಲು ಸಡಿಲವಾಗಿದ್ದರೆ, ಹಬ್ಬದ ದಿನ ಗೊತ್ತಾಗಿದ್ದರೂ, ಆಹ್ವಾನ ಪತ್ರಿಕೆಗಳು ಹಂಚಿಹೋಗಿದ್ದರೂ, ಬಾಗಿಲು ತೆರೆಯಕೂಡದೆಂದು ಹೇಳಬೇಕಾದವರು ಧರ್ಮದರ್ಶಿಗಳೇ. ಹಾಗೆ ಹೇಳಲು ಅವರಿಗೆ ಮೂರು ಸಾಧನಗಳು ಬೇಕು: ಕೆಲಸವನ್ನು ಪರೀಕ್ಷಿಸಬಲ್ಲ ತಿಳಿವಳಿಕೆ, ಬೇರೊಬ್ಬ ಕೆಲಸಗಾರನನ್ನು ಕರೆಯುವ ಅವಕಾಶ, ಮತ್ತು ಅಪವಾದಕ್ಕೆ ಅಂಜದ ಮನಸ್ಸು. ಮೊದಲ ಎರಡನ್ನು ಹಣ ಕೊಟ್ಟು ಗಳಿಸಬಹುದು. ಮೂರನೆಯದನ್ನು ಪ್ರತಿಯೊಬ್ಬರೂ ತಾವೇ ರೂಢಿಸಿಕೊಳ್ಳಬೇಕು. ಬಾಹ್ಯಾಕಾಶಕ್ಕೆ ಹೋಗುವ ನೌಕೆಗಳು ಇನ್ನು ಮುಂದೆ ಯಾರದೇ ಒಡೆತನದಲ್ಲಿರಲಿ, ಅವುಗಳಲ್ಲಿ ಕೂರುವವರ ಕ್ಷೇಮ ಈ ಮೂರನ್ನೂ ಉಳಿಸಿಕೊಂಡ ಪ್ರಭುತ್ವಗಳ ಮೇಲೆಯೇ ನಿಂತಿರುತ್ತದೆ.